ಸೋಪು, ಗುಂಡುಸೂಜಿ, ಸ್ವಾತಂತ್ರ್ಯ: ಅಬಿಗೇಲ್ ಆಡಮ್ಸ್ ಗಂಡನಿಗೆ ಬರೆದದ್ದೇನು?

ಪ್ರಶ್ನೆ: ಮೇಡಂ, ಮಗಳ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ಇದೆ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ ಜಾನ್ ಆಡಮ್ಸ್ ಮನೆ ಬಿಟ್ಟು ಸ್ವಾತಂತ್ರ್ಯದ ರಾಜಕೀಯ ಮಾಡುತ್ತಿದ್ದರು, ಹೆಂಡತಿ ಅಬಿಗೇಲ್ ಪತ್ರ ಬರೆದು ಬೆಂಬಲ ಕೊಟ್ಟರು ಅಂತ ಅವಳಿಗೆ ಟಿಪ್ಪಣಿ ಸಿಕ್ಕಿದೆ. ಪತ್ರ ಬರೆದರೆ ಅದೇನು ದೊಡ್ಡ ಬೆಂಬಲ? ಧೈರ್ಯ ಹೇಳಿದ್ದು ಬಿಟ್ಟರೆ ನಿಜವಾದ ಕೆಲಸ ಏನಾದರೂ ಆಯಿತಾ? ‘ಹೆಂಗಸರನ್ನು ಮರೆಯಬೇಡಿ’ ಅಂದ ಮಾತನ್ನು ಗಂಡ ಕೇಳಿದರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಗಂಡ ಕೇಳಲಿಲ್ಲ. ನಕ್ಕುಬಿಟ್ಟ. ನಿನ್ನ ಈ ವಿಚಿತ್ರ ಕಾನೂನು ಪಟ್ಟಿ ನೋಡಿ ನಗು ತಡೆಯಲಾಗಲಿಲ್ಲ ಅಂತ ಪತ್ರದಲ್ಲೇ ಬರೆದ. ಆ ನಗುವಿಗೆ ಒಂದು ಬಾಲ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ನನಗೆ ಜಾಸ್ತಿ ಹಿಡಿಸಿದ್ದು ನಿಮ್ಮ ಮೊದಲ ಪ್ರಶ್ನೆ. ‘ಬೆಂಬಲ’ ಅಂದ ಕೂಡಲೇ ಗಂಡ ಹೊರಡುವಾಗ ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತ ಹೆಂಡತಿ ಕಣ್ಣಿಗೆ ಬರುತ್ತಾಳೆ, ಅಲ್ವಾ? ಟಿಪ್ಪಣಿ ಬರೆದವರ ಮನಸ್ಸಿನಲ್ಲೂ ಅದೇ ಚಿತ್ರ ಇದ್ದಿರಬೇಕು. ಅಬಿಗೇಲ್‌ಳ ಪತ್ರಗಳನ್ನು ಕೂತು ಓದಿದರೆ ಆ ಚಿತ್ರ ನಿಲ್ಲುವುದಿಲ್ಲ. ಅಲ್ಲಿ ಯುದ್ಧದ ವರದಿ ಇದೆ. ಹೊಲದ ಲೆಕ್ಕ ಇದೆ. ಬೆಲೆ ಏರಿಕೆಯ ಗೋಳಿದೆ. ಗಂಡನ ಮೇಲೆ ಮುನಿಸಿದೆ. ರಾಜಕೀಯದಲ್ಲಿ ಗಂಡನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ‘ಇನ್ನೂ ಯಾಕೆ ತಡ?’ ಅಂತ ಕೇಳುವ ಆತುರವೂ ಇದೆ. ಧೈರ್ಯ ಹೇಳುವ ಸಾಲುಗಳೂ ಇವೆ, ಅವು ಇದೆಲ್ಲದರ ಸಂದಿಯಲ್ಲಿ ಬಂದುಹೋಗುತ್ತವೆ.

ಸ್ವಲ್ಪ ಹಿನ್ನೆಲೆ. ಅಬಿಗೇಲ್ ಹುಟ್ಟಿದ್ದು 1744ರಲ್ಲಿ, ಮ್ಯಾಸಚೂಸೆಟ್ಸ್‌ನ ವೇಮತ್ ಎಂಬ ಊರಿನಲ್ಲಿ. ಅಪ್ಪ ಪಾದ್ರಿ. ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಮನೆಯಲ್ಲಿದ್ದ ಪುಸ್ತಕಗಳೇ ಶಾಲೆ. 1764ರಲ್ಲಿ ವಕೀಲ ಜಾನ್ ಆಡಮ್ಸ್ ಜೊತೆ ಮದುವೆ. ಮದುವೆಗೂ ಮೊದಲೇ ಪತ್ರಗಳ ಹುಚ್ಚು ಹಿಡಿದಿತ್ತು. ಆ ವರ್ಷ ಜಾನ್, ಮುಂದೆ ಜೋರಾದ ಸಿಡುಬು ಬಾರದಿರಲೆಂದು ಹಗುರಾದ ಸಿಡುಬನ್ನೇ ಹಾಕಿಸಿಕೊಂಡು, ಬಾಸ್ಟನ್‌ನಲ್ಲಿ ದಿಗ್ಬಂಧನದಲ್ಲಿದ್ದ. ಅವನ ಪತ್ರ ಬಂದರೆ ಮೊದಲು ಹೊಗೆಗೆ ಹಿಡಿದು, ರೋಗ ಅಂಟದಂತೆ ಮಾಡಿ, ಆಮೇಲೆ ಬಿಡಿಸಿ ಓದಬೇಕಿತ್ತು. ಪ್ರೇಮಪತ್ರಕ್ಕೆ ಧೂಪ ಹಾಕಿದಂತೆ!

1774ರ ಆಗಸ್ಟ್ 10ರಂದು ಜಾನ್ ಫಿಲಡೆಲ್ಫಿಯಾಕ್ಕೆ ಹೊರಟ. ಹದಿಮೂರು ವಸಾಹತುಗಳಲ್ಲಿ ಹನ್ನೆರಡರ ಪ್ರತಿನಿಧಿಗಳು ಅಲ್ಲಿ ಕಾಂಗ್ರೆಸ್ ಎಂಬ ಸಭೆ ಸೇರುವವರಿದ್ದರು. ಗಾಡಿಯಲ್ಲಿ ಹೋಗಿ ತಲುಪಿದ್ದು ಆಗಸ್ಟ್ 29ಕ್ಕೆ. ಅಂದರೆ ಹತ್ತಿರ ಹತ್ತಿರ ಮೂರು ವಾರ. ಬಾಸ್ಟನ್‌ನಿಂದ ಹತ್ತು ಮೈಲಿ ದೂರದ ಬ್ರೇನ್‌ಟ್ರೀಯ ಮನೆಯಲ್ಲಿ ಅಬಿಗೇಲ್ ಮತ್ತು ನಾಲ್ಕು ಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ಇನ್ನೂ ಎರಡು ತುಂಬಿರಲಿಲ್ಲ. ಅಲ್ಲಿಂದ ಮುಂದೆ ಹತ್ತು ವರ್ಷ ಗಂಡ ನಡುನಡುವೆ ಮನೆಗೆ ಬಂದು ಹೋಗುವ ನೆಂಟನಂತಾದ. ಮೊದಲು ಫಿಲಡೆಲ್ಫಿಯಾ, 1778ರ ನಂತರ ಯುರೋಪ್. ಒಟ್ಟು ಜೀವನದಲ್ಲಿ ಅವರಿಬ್ಬರೂ ಪರಸ್ಪರ ಬರೆದ ಪತ್ರಗಳಲ್ಲಿ ಸಾವಿರದ ನೂರಕ್ಕೂ ಹೆಚ್ಚು ಇವತ್ತಿಗೂ ಉಳಿದಿವೆ.

ಈಗ ಕೆಲಸದ ಮಾತು. ರಾಜಕೀಯ ನಡೆಯುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ, ಯುದ್ಧ ನಡೆಯುತ್ತಿದ್ದದ್ದು ಬಾಸ್ಟನ್‌ನಲ್ಲಿ. ನಡುವೆ ಮುನ್ನೂರು ಮೈಲಿ. ಕಾಂಗ್ರೆಸ್‌ನಲ್ಲಿ ಕೂತವರಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಏನಾಗುತ್ತಿದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಬರೆದು ತಿಳಿಸಬೇಕು. ಜಾನ್‌ಗೆ ಬೇರೆ ಸ್ನೇಹಿತರೂ ಬರೆಯುತ್ತಿದ್ದರು, ನಿಜ. ಆದರೆ ಅಬಿಗೇಲ್‌ಳಷ್ಟು ಹತ್ತಿರದಿಂದ, ಅಷ್ಟು ಪಟ್ಟುಹಿಡಿದು ಬರೆದವರು ಕಡಿಮೆ.

1775ರ ಜೂನ್ 17. ಬಂಕರ್ ಹಿಲ್ ಕಾಳಗ. ಅಬಿಗೇಲ್ ಏಳು ವರ್ಷದ ಮಗ ಜಾನ್ ಕ್ವಿನ್ಸಿಯನ್ನು ಕರೆದುಕೊಂಡು ಮನೆ ಹತ್ತಿರದ ಪೆನ್ಸ್ ಹಿಲ್ ಗುಡ್ಡ ಹತ್ತಿದಳು. ಅಲ್ಲಿಂದ ಹೊಗೆ ಕಂಡಿತು, ತೋಪಿನ ಸದ್ದು ಕೇಳಿತು. ಚಾರ್ಲ್ಸ್‌ಟೌನ್ ಊರಿಗೆ ಊರೇ ಉರಿಯುತ್ತಿತ್ತು. ಮಾರನೆಯ ದಿನ ಭಾನುವಾರ ಪೆನ್ನು ಹಿಡಿದಳು. ಅಮೆರಿಕದ ಹಣೆಬರಹ ನಿರ್ಧಾರವಾಗುವ ದಿನ ಬಂದೇಬಿಟ್ಟಿತೇನೋ ಅಂತ ಶುರು ಮಾಡಿದಳು. ಒಡೆದುಹೋಗುತ್ತಿರುವ ಎದೆ ಪೆನ್ನಿನ ತುದಿಯಲ್ಲಾದರೂ ಹಗುರಾಗಲಿ ಅಂದಳು. ಮನೆಯವರಿಗೆಲ್ಲ ಬೇಕಾಗಿದ್ದ ಡಾಕ್ಟರ್ ಜೋಸೆಫ್ ವಾರನ್ ಕಾಳಗದಲ್ಲಿ ಸತ್ತ ಸುದ್ದಿ ಬಂದಿತ್ತು. ಅದನ್ನು ಬರೆದಳು. ಎಷ್ಟು ಜನ ಸತ್ತರೋ ಇನ್ನೂ ತಿಳಿದಿಲ್ಲ, ತೋಪಿನ ಸದ್ದಿಗೆ ಊಟ ನಿದ್ದೆ ಯಾವುದೂ ಆಗುತ್ತಿಲ್ಲ ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು: ಇಲ್ಲಿರುವುದು ಅಪಾಯ ಅಂತ ಸ್ನೇಹಿತರು ಹೇಳುವವರೆಗೂ ಇಲ್ಲೇ ಇರುತ್ತೇನೆ, ಹೊರಡಬೇಕಾಗಿ ಬಂದರೆ ನಿನ್ನ ತಮ್ಮನ ಮನೆಯಲ್ಲಿ ಜಾಗ ಮಾಡಿಕೊಂಡಿದ್ದೇನೆ.

ಈ ಕೊನೆಯ ಸಾಲನ್ನು ನಾನು ಪಾಠ ಮಾಡುವಾಗ ತಪ್ಪದೆ ಓದಿಸುತ್ತಿದ್ದೆ. ಅಳುತ್ತಲೇ ಬರೆದ ಪತ್ರದಲ್ಲೂ ‘ನಮ್ಮ ವ್ಯವಸ್ಥೆ ಆಗಿದೆ, ನೀನು ಓಡಿಬರಬೇಕಿಲ್ಲ’ ಅನ್ನುವ ಸಮಾಧಾನ ಅಲ್ಲಿದೆ. ಜಾನ್ ಕಾಂಗ್ರೆಸ್ ಬಿಟ್ಟು ಹೊರಡದೆ ಕೂತಿದ್ದು ಈ ಒಂದು ಸಾಲಿನ ಬಲದಿಂದ ಅಂದರೆ ಅತಿಯಾದೀತು, ಆದರೆ ಇಂಥ ಸಾಲುಗಳಿಂದ ಅವನಿಗೆ ಬಲ ಬಂದಿರಬೇಕು. ನೀನು ನಿಜವಾಗಿಯೂ ವೀರಳು, ಹಾಗಿರಲು ನಿನಗೆ ಕಾರಣವೂ ಇದೆ ಅಂತ ಜುಲೈನಲ್ಲಿ ಜಾನ್ ಬರೆದ.

ಇಂಥ ವರದಿಗಳು ಒಂದೆರಡಲ್ಲ. 1776ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಸೈನ್ಯ ಡಾರ್ಚೆಸ್ಟರ್ ಗುಡ್ಡಗಳ ಮೇಲೆ ತೋಪು ಹೂಡಿದಾಗ ಮತ್ತೆ ಪೆನ್ಸ್ ಹಿಲ್ ಹತ್ತಿ ಕೂತು ಸದ್ದು ಕೇಳಿ ಬಂದು ಬರೆದಳು. ಜುಲೈ 18ರಂದು ಬಾಸ್ಟನ್‌ನ ಸ್ಟೇಟ್ ಹೌಸ್ ಮೊಗಸಾಲೆಯಿಂದ ಸ್ವಾತಂತ್ರ್ಯ ಘೋಷಣೆ ಓದಿದಾಗ ಜನರ ನಡುವೆ ನಿಂತಿದ್ದಳು. ದೊರೆಯ ಲಾಂಛನವನ್ನು ಕಿತ್ತು ತಂದು ಬೀದಿಯಲ್ಲಿ ಸುಟ್ಟರು ಅಂತ ಗಂಡನಿಗೆ ತಿಳಿಸಿದಳು. ಘೋಷಣೆಗಾಗಿ ಕಾಂಗ್ರೆಸ್‌ನಲ್ಲಿ ಗಂಟಲು ಹರಿದುಕೊಂಡವನು ಜಾನ್. ಅದಕ್ಕೆ ತನ್ನ ಊರಿನ ಜನ ಹೇಗೆ ಕುಣಿದರು ಅನ್ನುವುದನ್ನು ಅವನು ನೋಡಿದ್ದು ಹೆಂಡತಿಯ ಕಾಗದದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟ 1777ರ ಜುಲೈ 31ರ ಪತ್ರ. ಕಾಫಿಗೆ ಬರ ಬಂದಿತ್ತು. ಬಾಸ್ಟನ್‌ನ ಥಾಮಸ್ ಬಾಯ್ಲ್‌ಸ್ಟನ್ ಎಂಬ ಶ್ರೀಮಂತ ವ್ಯಾಪಾರಿ ಉಗ್ರಾಣದಲ್ಲಿ ಕಾಫಿ ಇಟ್ಟುಕೊಂಡು, ಪೌಂಡಿಗೆ ಆರು ಶಿಲಿಂಗ್‌ಗಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಕೂತಿದ್ದ. ನೂರರಷ್ಟು ಹೆಂಗಸರು ಗಾಡಿ ತಳ್ಳಿಕೊಂಡು ಬಂದು ಕೀಲಿಕೈ ಕೇಳಿದರು. ಕೊಡಲಿಲ್ಲ. ಒಬ್ಬಳು ಅವನ ಕುತ್ತಿಗೆ ಹಿಡಿದು ಗಾಡಿಯೊಳಗೆ ಎಸೆದಳು. ಬೇರೆ ದಾರಿ ಇಲ್ಲದೆ ಕೀಲಿಕೈ ಕೊಟ್ಟ. ಗಾಡಿ ಬಗ್ಗಿಸಿ ಅವನನ್ನು ಸುರಿದು, ಉಗ್ರಾಣ ತೆಗೆದು, ಕಾಫಿ ಹೇರಿಕೊಂಡು ಹೊರಟರು. ಗಂಡಸರ ದೊಡ್ಡ ಗುಂಪು ಸುತ್ತ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತಂತೆ. ಬಾಯ್ಲ್‌ಸ್ಟನ್ ಬೇರೆ ಯಾರೂ ಅಲ್ಲ, ಜಾನ್‌ನ ತಾಯಿಯ ತವರಿನ ಕಡೆಯವನು. ಅಬಿಗೇಲ್‌ಗೆ ಅದರ ಮುಲಾಜಿಲ್ಲ. ಜಿಪುಣ, ಮೇಲಾಗಿ ಮದುವೆ ಇಲ್ಲದವನು ಅಂತ ಚುಚ್ಚಿಯೇ ಬರೆದಿದ್ದಾಳೆ. ಕಾನೂನು ಮಾಡುವ ಗಂಡನಿಗೆ ಇದಕ್ಕಿಂತ ಒಳ್ಳೆಯ ಬೆಲೆ ಏರಿಕೆ ವರದಿ ಯಾರು ಕೊಡಬೇಕು?

ಪತ್ರ ಬರೆಯುವುದರಲ್ಲಿ ಅಪಾಯವೂ ಇತ್ತು. 1775ರ ಜುಲೈನಲ್ಲಿ ಜಾನ್ ಅಬಿಗೇಲ್‌ಗೊಂದು, ಸ್ನೇಹಿತ ಜೇಮ್ಸ್ ವಾರನ್‌ಗೊಂದು ಪತ್ರ ಬರೆದು ಒಬ್ಬ ತರುಣ ವಕೀಲನ ಕೈಲಿ ಕಳಿಸಿದ. ದಾರಿಯಲ್ಲಿ ಬ್ರಿಟಿಷರು ಅವನನ್ನು ಹಿಡಿದು ಪತ್ರಗಳನ್ನು ಕಿತ್ತುಕೊಂಡರು. ಆಗಸ್ಟ್‌ನಲ್ಲಿ ಬಾಸ್ಟನ್ ಪತ್ರಿಕೆಯಲ್ಲಿ ಅಚ್ಚಾಗಿಬಿಟ್ಟವು. ವಾರನ್‌ಗೆ ಬರೆದದ್ದರಲ್ಲಿ ಕಾಂಗ್ರೆಸ್‌ನ ಜೊತೆಗಾರನೊಬ್ಬನನ್ನು, ದುಡ್ಡು ದೊಡ್ಡದು ಬುದ್ಧಿ ಚಿಲ್ಲರೆ ಅನ್ನುವ ಅರ್ಥದಲ್ಲಿ ಹಂಗಿಸಿದ್ದ. ಅದು ಜಾನ್ ಡಿಕಿನ್ಸನ್ ಅಂತ ಎಲ್ಲರಿಗೂ ತಿಳಿಯಿತು. ಮುಜುಗರವೋ ಮುಜುಗರ. ಆಮೇಲೆ ಇಬ್ಬರೂ ಹುಷಾರಾದರು, ನಂಬಿಕೆಯವರು ಸಿಗದಿದ್ದರೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯುತ್ತಿರಲಿಲ್ಲ. ಅಬಿಗೇಲ್ ಸಹಿ ಹಾಕುತ್ತಿದ್ದದ್ದು ‘ಪೋರ್ಷಿಯಾ’ ಅಂತ. ರೋಮ್‌ನ ಬ್ರೂಟಸ್‌ನ ಹೆಂಡತಿಯ ಹೆಸರು ಅದು. ಸರ್ವಾಧಿಕಾರಿಗೆ ಚೂರಿ ಹಾಕಿದವನ ಹೆಂಡತಿ! ಸುಮ್ನೆ ಚೆಂದಕ್ಕೆ ಆರಿಸಿಕೊಂಡ ಹೆಸರಲ್ಲ ಅಂತ ನನ್ನ ಅನಿಸಿಕೆ.

ಇನ್ನು ದುಡ್ಡು. ಇದನ್ನು ಟಿಪ್ಪಣಿಗಳಲ್ಲಿ ಯಾರೂ ಬರೆಯುವುದಿಲ್ಲ, ಹಾಗಾಗಿ ನಿಮ್ಮ ಮಗಳು ಬರೆದರೆ ಅಂಕ ಬರಬಹುದು. ಜಾನ್‌ನ ಸಂಪಾದನೆ ವಕೀಲಿಕೆಯಿಂದ ಬರುತ್ತಿತ್ತು. ರಾಜಕೀಯಕ್ಕೆ ಇಳಿದ ಮೇಲೆ ಅದು ನಿಂತಿತು. ಕಾಂಗ್ರೆಸ್‌ನ ಭತ್ಯೆ ಮನೆ ನಡೆಸುವಷ್ಟಿರಲಿಲ್ಲ. ಉಳಿದದ್ದು ಹೊಲ. ಅದನ್ನು ನಡೆಸಿದವಳು ಅಬಿಗೇಲ್. ಆಳುಗಳು ಸೈನ್ಯಕ್ಕೆ ಸೇರಿ ಹೋಗುತ್ತಿದ್ದರು, ಉಳಿದವರ ಕೂಲಿ ಏರುತ್ತಿತ್ತು, ನೋಟಿನ ಬೆಲೆ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. ಬಾಸ್ಟನ್‌ನಿಂದ ಓಡಿಬಂದವರಿಗೆ ಜಾಗ ಕೊಡೋಣವೆಂದರೆ ಹಳೆಯ ಬಾಡಿಗೆದಾರನೊಬ್ಬ ಮನೆ ಬಿಡಲು ಒಪ್ಪುತ್ತಿರಲಿಲ್ಲ. ಎಲ್ಲವನ್ನೂ ಒಬ್ಬಳೇ ನಿಭಾಯಿಸಬೇಕು. ಸಲಹೆ ಕೇಳಿ ಬರೆದರೆ ಉತ್ತರ ಬರುವ ಹೊತ್ತಿಗೆ ಬಿತ್ತನೆಯ ಕಾಲವೇ ಮುಗಿದಿರುತ್ತಿತ್ತು. ಕೇಳುವುದನ್ನು ಕಡಿಮೆ ಮಾಡಿ, ಮಾಡಿ ತಿಳಿಸುವುದನ್ನು ಕಲಿತಳು.

1776ರ ಏಪ್ರಿಲ್‌ನಲ್ಲಿ ಬರೆದ ಮಾತು ಇದು: ನನ್ನ ಪಾಲುದಾರ ಒಳ್ಳೆಯ ರಾಜಕಾರಣಿ ಅಂತ ಹೆಸರು ಮಾಡಿದ ಹಾಗೆ, ನಾನೂ ಒಳ್ಳೆಯ ರೈತಳು ಅಂತ ಹೆಸರು ತೆಗೆದುಕೊಂಡೇನು. ‘ಪಾಲುದಾರ’ ಅನ್ನುವ ಪದ ನೋಡಿ. ಅದೇ ಮೇ 27ರಂದು ಜಾನ್ ಉತ್ತರಿಸಿದ. ನಾನಿಲ್ಲದಾಗಲೇ ಮನೆ ಚೆನ್ನಾಗಿ ನಡೆಯುತ್ತದೆ ಅಂತ ನೆರೆಹೊರೆಯವರು ತಿಳಿದಾರು ಅಂತ ಹೊಟ್ಟೆಕಿಚ್ಚಾಗುತ್ತಿದೆ ಅಂದ. ಹೊಲ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಅಂತ ಜೇಮ್ಸ್ ವಾರನ್ ಅವನಿಗೆ ಬರೆದಿದ್ದರಂತೆ. ತಮಾಷೆಯ ಮಾತು, ಆದರೆ ಲೆಕ್ಕ ತಮಾಷೆಯದ್ದಲ್ಲ. ಹೊಲ ಮುಳುಗಿದ್ದರೆ ಜಾನ್ ಗಂಟುಮೂಟೆ ಕಟ್ಟಿಕೊಂಡು ಕೋರ್ಟಿಗೆ ವಾಪಸು ಬರಬೇಕಾಗುತ್ತಿತ್ತು.

ಜಾನ್ ಯುರೋಪ್‌ಗೆ ಹೋದ ಮೇಲೆ ಅಬಿಗೇಲ್ ವ್ಯಾಪಾರಕ್ಕೂ ಇಳಿದಳು. ದುಡ್ಡಿನ ಬದಲು ಸಾಮಾನು ಕಳಿಸು ಅಂದಳು. ಕರವಸ್ತ್ರ, ರಿಬ್ಬನ್, ಪಿಂಗಾಣಿ, ಹೀಗೆ ಅಲ್ಲಿಂದ ಬಂದದ್ದನ್ನು ಇಲ್ಲಿ ನೆಂಟರ ಮೂಲಕ ಮಾರಿಸಿ ಮನೆ ನಡೆಸಿದಳು. ಲಾಭ ಬಂದಾಗ ಸರ್ಕಾರಿ ಸಾಲಪತ್ರ ಕೊಳ್ಳೋಣ ಅನ್ನುವುದು ಆಕೆಯ ವಾದ, ಭೂಮಿಯೇ ಬೇಕು ಅನ್ನುವುದು ಅವನ ಹಟ. 1782ರಲ್ಲಿ ಆಕೆ ವರ್ಮಾಂಟ್‌ನಲ್ಲಿ ಜಮೀನು ಕೊಂಡಳು. ಗಂಡನ ಹೆಸರಿನಲ್ಲೊಂದು ತುಂಡು, ಒಬ್ಬೊಬ್ಬ ಮಗುವಿನ ಹೆಸರಿನಲ್ಲೂ ಒಂದೊಂದು ತುಂಡು. ತನ್ನ ಹೆಸರಿನಲ್ಲಿ ಏನೂ ಇಲ್ಲ. ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿ ಇಟ್ಟುಕೊಳ್ಳುವ ಹಕ್ಕು ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಇರಲಿಲ್ಲ. ಭೂಮಿಯ ಹುಚ್ಚಿದ್ದ ಜಾನ್ ಆದರೂ ಖುಷಿಪಟ್ಟನಾ? ಇನ್ನು ವರ್ಮಾಂಟ್ ತಂಟೆಗೆ ಹೋಗಬೇಡ ಅಂತ ಬರೆದ!

ಸಣ್ಣ ಸಂಗತಿಗಳಲ್ಲೇ ಈ ದಂಪತಿ ನನಗೆ ಹತ್ತಿರವಾಗುವುದು. ಯುದ್ಧದಿಂದ ಬಟ್ಟೆಗೆ ಚುಚ್ಚುವ ಗುಂಡುಸೂಜಿ ಸಿಗದೆ ಹೋಯಿತು. ಆ ಕಾಲದ ಹೆಂಗಸರ ಉಡುಪು ನಿಲ್ಲುತ್ತಿದ್ದದ್ದೇ ಗುಂಡುಸೂಜಿಯ ಮೇಲೆ. ಬಂಕರ್ ಹಿಲ್‌ನ ಹಿಂದಿನ ದಿನದ ಪತ್ರದಲ್ಲೇ ಗುಂಡುಸೂಜಿಯ ಒಂದು ಕಟ್ಟು ಕಳಿಸು ಅಂತ ಗಂಡನಿಗೆ ಹೇಳಿಕಳಿಸಿದ್ದಳು. ಒಂದು ದಿನ ಗುಂಡುಸೂಜಿ, ಮಾರನೆಯ ದಿನ ಗುಂಡು.

ಹಸಿರು ಚಹಾದ ಕಥೆ ಕೇಳಿ. 1776ರ ಬೇಸಗೆಯಲ್ಲಿ ಅಬಿಗೇಲ್ ಮಕ್ಕಳನ್ನು ಕರೆದುಕೊಂಡು ಬಾಸ್ಟನ್‌ಗೆ ಹೋಗಿ ಸಿಡುಬು ಹಾಕಿಸಿಕೊಂಡಳು. ಇವತ್ತಿನ ಲಸಿಕೆಯಂತಲ್ಲ ಅದು. ರೋಗಿಯ ಗುಳ್ಳೆಯ ಕೀವನ್ನೇ ತೋಳಿನ ಗೀರಿಗೆ ಹಚ್ಚಿ, ಹಗುರಾದ ಸಿಡುಬು ಬರಿಸುವುದು. ವಾರಗಟ್ಟಲೆ ಜ್ವರ, ನೋವು. ಮಗ ಚಾರ್ಲ್ಸ್‌ಗೆ ಮತ್ತೆ ಮತ್ತೆ ಹಾಕಿದರೂ ಹತ್ತಲಿಲ್ಲ, ಕೊನೆಗೆ ಜೋರಾಗಿಯೇ ಬಂತು. ಈ ಸುಸ್ತಿನಲ್ಲಿ ಒಂದು ದಿನ, ಜಾನ್ ಜೊತೆ ಕಾಂಗ್ರೆಸ್‌ನಲ್ಲಿದ್ದ ಸ್ಯಾಮ್ಯುಯೆಲ್ ಆಡಮ್ಸ್‌ನ ಹೆಂಡತಿಯ ಹತ್ತಿರ ಹೋದಾಗ ಆಕೆ ಸೊಗಸಾದ ಹಸಿರು ಚಹಾ ಕೊಟ್ಟಳು. ಚಹಾ ಸಿಗುವುದೇ ಅಪರೂಪವಾಗಿದ್ದ ಕಾಲ. ಎಲ್ಲಿ ಸಿಕ್ಕಿತು ಅಂತ ಕೇಳಿದರೆ, ನಮ್ಮ ಯಜಮಾನರು ಗೆರಿಯವರ ಕೈಲಿ ಕಳಿಸಿದರು ಅಂದಳು. ಅಬಿಗೇಲ್ ಬಾಯಿ ಬಿಡಲಿಲ್ಲ. ನನ್ನ ಯಜಮಾನರಿಗೂ ಇಷ್ಟು ಅಕ್ಕರೆ ಇರಬಾರದಿತ್ತೇ ಅಂತ ಒಳಗೊಳಗೇ ಅಂದುಕೊಂಡಳು. ನಿಜ ಸಂಗತಿ ಏನೆಂದರೆ, ಆ ಚಹಾ ಜಾನ್ ತನ್ನ ಹೆಂಡತಿಗೇ ಕಳಿಸಿದ್ದು. ತಂದವನು ಕಾಂಗ್ರೆಸ್‌ನ ಇನ್ನೊಬ್ಬ ಜೊತೆಗಾರ ಎಲ್‌ಬ್ರಿಡ್ಜ್ ಗೆರಿ. ‘ಆಡಮ್ಸ್ ಮನೆಗೆ’ ಅಂದಿದ್ದನ್ನು ಕೇಳಿ ಬೇರೆ ಆಡಮ್ಸ್ ಮನೆಗೆ ಕೊಟ್ಟು ಬಂದಿದ್ದ. ಸೆಪ್ಟೆಂಬರ್‌ನಲ್ಲಿ ಜಾನ್‌ನ ಪತ್ರ ಬಂದ ಮೇಲೆ ಗುಟ್ಟು ಬಯಲಾಯಿತು.

ಚಹಾ ಅಂದಾಗ ಒಂದು ಅಡ್ಡಮಾತು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರಿಗೆ ಸುರಿದರಲ್ಲ, ಅದು ಈಸ್ಟ್ ಇಂಡಿಯಾ ಕಂಪನಿಯ ಮಾಲು. ಮೈಸೂರಿನ ಹೈದರಾಲಿ ಕಾದಾಡುತ್ತಿದ್ದದ್ದೂ ಅದೇ ಕಂಪನಿಯ ಮೇಲೆ. ಆ ಸುದ್ದಿ ಅಲ್ಲಿಗೂ ಮುಟ್ಟಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ‘ಹೈದರ್ ಆಲಿ’ ಅಂತ ಹೆಸರಿಟ್ಟರು, ಅದು ಒಂದು ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು ಕೂಡ.

ಸಂಸಾರದ ಸುಖದುಃಖ ಹೇಳಿಕೊಂಡದ್ದು ರಾಜಕೀಯ ಹೇಗಾದೀತು ಅಂತ ನೀವು ಕೇಳಬಹುದು. ಆ ಮನೆಯಲ್ಲಿ ರಾಜಕೀಯಕ್ಕೆ ತೆತ್ತ ಬೆಲೆ ಸಂಸಾರದ ಖಾತೆಯಲ್ಲೇ ಬರೆದಿದೆ. 1775ರ ಆಗಸ್ಟ್‌ನಲ್ಲಿ ಜಾನ್‌ನ ತಮ್ಮ ಎಲೈಹು ರಕ್ತಭೇದಿಗೆ ಬಲಿಯಾದ. ಅದೇ ರೋಗ ಮನೆಗೆ ಮನೆಯನ್ನೇ ಹಿಡಿಯಿತು. ಅಕ್ಟೋಬರ್ 1ರಂದು ಅಬಿಗೇಲ್‌ಳ ತಾಯಿ ತೀರಿಕೊಂಡರು. ಮನೆಗೆಲಸದ ಹುಡುಗಿ ಪ್ಯಾಟಿ ಕೂಡ ಉಳಿಯಲಿಲ್ಲ. ಗಂಡ ಮುನ್ನೂರು ಮೈಲಿ ಆಚೆ.

1777ರಲ್ಲಿ ಮತ್ತೆ ಬಸಿರು. ಜುಲೈ 9ರಂದು ಬರೆದ ಪತ್ರದಲ್ಲಿ, ಮೈಯೆಲ್ಲ ನಡುಕ ಬಂತು, ಹೊಟ್ಟೆಯ ಜೀವ ಹೋಯಿತೇನೋ ಅಂತ ಭಯ ಹೇಳಿಕೊಂಡಿದ್ದಾಳೆ. ಮಾರನೆಯ ರಾತ್ರಿ ಹೆರಿಗೆ ನೋವು ಶುರುವಾದರೂ ಬರೆಯುತ್ತಲೇ ಇದ್ದಳು. ತಪ್ಪಿಸಿಕೊಳ್ಳಲಾಗದ್ದನ್ನು ತಡೆದುಕೊಳ್ಳಲು ಈ ಕ್ಷಣ ಪೆನ್ನು ಕೆಳಗಿಡುತ್ತೇನೆ ಅನ್ನುತ್ತಾಳೆ. ಅದಾದ ಮೇಲೆ, ತಡೆದುಕೊಂಡಾಯಿತು, ಮತ್ತೆ ಪೆನ್ನು ಹಿಡಿದಿದ್ದೇನೆ ಅಂತ ಮುಂದುವರಿಸುತ್ತಾಳೆ. ಜುಲೈ 11ರಂದು ಹೆಣ್ಣುಮಗು ಹುಟ್ಟಿತು, ಜೀವ ಇರಲಿಲ್ಲ. ಎಲಿಜಬೆತ್ ಅಂತ ಹೆಸರಿಟ್ಟರು. ಜಾನ್‌ಗೆ ಸುದ್ದಿ ತಿಳಿದು ಉತ್ತರ ಬರೆದದ್ದು ಜುಲೈ 28ಕ್ಕೆ. ಆ ಹದಿನೇಳು ದಿನ ಅವನು ಬರೆದ ಪತ್ರಗಳನ್ನೂ ಓದಿ. ಬ್ರೇನ್‌ಟ್ರೀಯಲ್ಲಿ ಮುಗಿದುಹೋದದ್ದಕ್ಕೆ ಫಿಲಡೆಲ್ಫಿಯಾದಲ್ಲಿ ಇನ್ನೂ ಕಾಯುತ್ತಾ ಕೂತಿದ್ದಾನೆ.

ಹಾಗಾಗಿ ಆಕೆ ಮುನಿಸಿಕೊಂಡಾಗ ನನಗೆ ಖುಷಿಯೇ ಆಗುತ್ತದೆ. ನಿನ್ನ ಪತ್ರಗಳೆಲ್ಲ ಅವಸರದಲ್ಲಿ ಗೀಚಿದಂತಿವೆ, ಮನಸ್ಸಿನ ಮಾತಿಗೆ ಜಾಗವೇ ಇಲ್ಲ, ಹೃದಯದಿಂದ ನಾಲ್ಕು ಮಾತು ಬರಲಿ ಅಂತ 1775ರ ಜುಲೈನಲ್ಲಿ ಗದರಿದ್ದಾಳೆ. ಜನರಲ್ ವಾಷಿಂಗ್ಟನ್‌ನನ್ನು ಮೊದಲ ಸಲ ಕಂಡು, ನೀನು ಹೇಳಿದ್ದು ಅರ್ಧವೂ ಅಲ್ಲ ಅಂತ ಮೆಚ್ಚಿ ಬರೆದದ್ದೂ ಅದೇ ಪತ್ರದಲ್ಲಿ.

ಈಗ ವಾದದ ವಿಷಯ. 1775ರ ನವೆಂಬರ್‌ನಲ್ಲಿ ಕಾಂಗ್ರೆಸ್‌ನ ಬಹಳ ಜನ ಇನ್ನೂ ರಾಜಿಯ ಕನಸಿನಲ್ಲಿದ್ದರು. ಅಬಿಗೇಲ್ ನವೆಂಬರ್ 12ರಂದು ಬರೆದಳು: ಪಾದ್ರಿಗಳು ಇವತ್ತು ರಾಜಿಗಾಗಿ ಪ್ರಾರ್ಥಿಸಿದಾಗ ನಾನು ದನಿಗೂಡಿಸಲಾರದೆ ಹೋದೆ, ಅದು ಇನ್ನು ತಾಯಿನಾಡಲ್ಲ, ದಬ್ಬಾಳಿಕೆಯ ನಾಡು, ಬೇರೆಯಾಗೋಣ, ನಮ್ಮ ಅಣ್ಣತಮ್ಮಂದಿರಾಗಲು ಅವರು ಲಾಯಕ್ಕಿಲ್ಲ. ಸ್ವಾತಂತ್ರ್ಯದ ನಿರ್ಣಯ ಪಾಸಾದದ್ದು ಮುಂದಿನ ಜುಲೈ 2ರಂದು. ಅಂದರೆ ಏಳೂವರೆ ತಿಂಗಳು ಮೊದಲೇ ಬ್ರೇನ್‌ಟ್ರೀಯ ಅಡುಗೆಮನೆಯಲ್ಲಿ ಪಾಸಾಗಿತ್ತು!

ಎರಡು ವಾರ ಬಿಟ್ಟು ನವೆಂಬರ್ 27ರಂದು ಇನ್ನೊಂದು ಪತ್ರ. ಬೇರೆಯಾದ ಮೇಲೆ ಆಳುವವರು ಯಾರು, ಕಾನೂನು ಮಾಡುವವರು ಯಾರು, ಅದಕ್ಕೆ ಬಲ ಎಲ್ಲಿಂದ ಅನ್ನುವ ಚಿಂತೆ. ಅಧಿಕಾರ ಹಲವರ ಕೈಲಿರಲಿ ಕೆಲವರ ಕೈಲಿರಲಿ, ಅದಕ್ಕೆ ಹಸಿವು ತೀರುವುದಿಲ್ಲ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಅನ್ನುತ್ತಾಳೆ. ನಾವು ಮತ್ಸ್ಯನ್ಯಾಯ ಅನ್ನುತ್ತೇವಲ್ಲ, ಅದೇ. ಗುಲಾಮಗಿರಿಯ ಬಗ್ಗೆಯೂ ಬಾಯಿ ಕಟ್ಟಿಕೊಳ್ಳಲಿಲ್ಲ. 1774ರ ಸೆಪ್ಟೆಂಬರ್‌ನಲ್ಲೇ, ಈ ಪ್ರಾಂತ್ಯದಲ್ಲಿ ಒಬ್ಬ ಗುಲಾಮನೂ ಇರಬಾರದು ಅಂತ ಆಸೆ ನನಗೆ, ನಮಗಿರುವಷ್ಟೇ ಹಕ್ಕಿರುವವರಿಂದ ದಿನವೂ ದೋಚುತ್ತಿರುವುದಕ್ಕಾಗಿಯೇ ನಾವು ಹೋರಾಡುವುದೇ ಅಂತ ಬರೆದಿದ್ದಳು.

ಇನ್ನು ಆ ನಗು. 1776ರ ಮಾರ್ಚ್ 31ರ ಪತ್ರ. ನೀವು ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಟ್ಟುಕೊಳ್ಳಿ, ಗಂಡಂದಿರ ಕೈಗೆ ಮಿತಿ ಇಲ್ಲದ ಅಧಿಕಾರ ಕೊಡಬೇಡಿ, ಸಾಧ್ಯವಾದರೆ ಗಂಡಸರೆಲ್ಲ ದಬ್ಬಾಳಿಕೆಗಾರರೇ ಆಗುವವರು ಅಂದಳು. ಇದನ್ನು ಮತದಾನದ ಬೇಡಿಕೆ ಅಂತ ಹೇಳುವವರಿದ್ದಾರೆ. ಪತ್ರದಲ್ಲಿ ಮತದ ಮಾತು ಇಲ್ಲ. ಆಕೆ ಕೇಳಿದ್ದು ಗಂಡನ ಕಾನೂನುಬದ್ಧ ಅಧಿಕಾರಕ್ಕೆ ಲಗಾಮು. ಏಪ್ರಿಲ್ 14ರಂದು ಜಾನ್ ಉತ್ತರ ಬರೆದ. ನಮ್ಮ ಹೋರಾಟದಿಂದ ಎಲ್ಲ ಕಡೆ ಹಿಡಿತ ಸಡಿಲವಾಗಿದೆ, ಮಕ್ಕಳು ಮಾತು ಕೇಳುವುದಿಲ್ಲ, ಕೆಲಸ ಕಲಿಯುವ ಹುಡುಗರು ಎದುರು ಮಾತಾಡುತ್ತಾರೆ ಅಂತ ದೂರು ಕೇಳಿದ್ದೆ. ಎಲ್ಲರಿಗಿಂತ ಬಲವಾದ ಇನ್ನೊಂದು ಬಣವೂ ಎದ್ದಿದೆ ಅಂತ ನಿನ್ನ ಪತ್ರದಿಂದಲೇ ತಿಳಿದದ್ದು ಅಂದ. ಲಂಗದ ಸರ್ವಾಧಿಕಾರಕ್ಕೆ ಮಾತ್ರ ಒಪ್ಪುವುದಿಲ್ಲ ಅಂತ ಗೇಲಿ ಬೇರೆ.

ಅಬಿಗೇಲ್ ಕೂಡಲೇ ಗೆಳತಿ ಮರ್ಸಿ ಓಟಿಸ್ ವಾರನ್‌ಗೆ ಬರೆದು, ಇವರು ನನಗೆ ಉದ್ಧಟತನದ ಉತ್ತರ ಕೊಟ್ಟಿದ್ದಾರೆ, ನಾವಿಬ್ಬರೂ ಸೇರಿ ಕಾಂಗ್ರೆಸ್‌ಗೆ ಅರ್ಜಿ ಹಾಕೋಣ ಅಂದಳು. ಗಂಡನಿಗೆ ಮೇ 7ರಂದು ನೇರವಾಗಿಯೇ ಕೊಟ್ಟಳು: ಲೋಕಕ್ಕೆಲ್ಲ ಬಿಡುಗಡೆ ಸಾರುತ್ತೀರಿ, ಹೆಂಡತಿಯರ ಮೇಲಿನ ಪೂರ್ತಿ ಅಧಿಕಾರ ಮಾತ್ರ ಬಿಡುವುದಿಲ್ಲ, ಬಹಳ ಗಟ್ಟಿಯಾದದ್ದು ಬೇಗ ಒಡೆಯುತ್ತದೆ, ನೆನಪಿರಲಿ.

ಅಲ್ಲಿಗೆ ಮುಗಿಯಿತು ಅಂತ ಹೆಚ್ಚಿನವರು ನಿಲ್ಲಿಸುತ್ತಾರೆ. ಬಾಲ ಇದೆ ಅಂದೆನಲ್ಲ, ಅದು ಈಗ. ಮೇ 26ರಂದು ಜಾನ್ ಮ್ಯಾಸಚೂಸೆಟ್ಸ್‌ನ ಜೇಮ್ಸ್ ಸಲಿವನ್‌ಗೆ ಮತದಾನದ ಹಕ್ಕಿನ ಬಗ್ಗೆ ಒಂದು ಗಂಭೀರ ಪತ್ರ ಬರೆದ. ಮತಕ್ಕಿರುವ ಷರತ್ತುಗಳನ್ನು ಕೆದಕಬೇಡಿ, ಕೆದಕಿದರೆ ಕೊನೆಯೇ ಇರುವುದಿಲ್ಲ, ಹೆಂಗಸರೂ ಮತ ಕೇಳುತ್ತಾರೆ ಅಂದ. ಹೆಂಡತಿ ಮತ ಕೇಳಿರಲಿಲ್ಲ. ಆಕೆಯ ಮಾತಿನ ದಾರಿ ಎಲ್ಲಿಗೆ ಹೋಗುತ್ತದೆ ಅಂತ ವಕೀಲನಿಗೆ ಗೊತ್ತಾಗಿತ್ತು, ನನ್ನ ಓದು ಇದು. ಮಾರನೆಯ ದಿನ, ಮೇ 27ರಂದು, ಹೊಲದ ಹೊಗಳಿಕೆ ಬರೆದ ಅದೇ ಪತ್ರದಲ್ಲಿ ಹೆಂಡತಿಗೆ ಹೇಳಿದ: ನೀನು ರೈತಳಾಗಿ ಮಾತ್ರ ಅಲ್ಲ, ಈಚೆಗೆ ರಾಜನೀತಿಯಲ್ಲೂ ಮಿಂಚುತ್ತಿದ್ದೀಯ, ಈ ನೀತಿಮಾತುಗಳೆಲ್ಲ ಎಲ್ಲಿ ಸಿಗುತ್ತವೆ ನಿನಗೆ? ಚರ್ಚೆಯಲ್ಲಿ ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಪತ್ರಗಳು ಉಳಿದದ್ದಕ್ಕೂ ಜಾನ್‌ಗೆ ಒಂದು ಧನ್ಯವಾದ ಹೇಳಬೇಕು. ಅಬಿಗೇಲ್‌ಗೆ ತನ್ನ ಕಾಗುಣಿತ, ಬರವಣಿಗೆಯ ಬಗ್ಗೆ ಕೀಳರಿಮೆ. ನನ್ನ ಪತ್ರ ಸುಟ್ಟುಬಿಡು ಅನ್ನುತ್ತಿದ್ದಳು. ಸುಡಬೇಕಾದರೆ ಮೊದಲು ನಿನ್ನನ್ನು ಮರೆಯಬೇಕು ಅಂತ 1776ರ ಏಪ್ರಿಲ್ 28ರಂದು ಅವನು ಬರೆದ. ಮೊಮ್ಮಗ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಅಜ್ಜಿಯ ಪತ್ರಗಳನ್ನು 1840ರಲ್ಲಿ ಪುಸ್ತಕವಾಗಿ ತಂದ. ಮೂಲಪ್ರತಿಗಳು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಕೈಬರಹದ ಚಿತ್ರದ ಸಮೇತ ಇಂಟರ್‌ನೆಟ್‌ನಲ್ಲಿ ದುಡ್ಡಿಲ್ಲದೆ ಓದಬಹುದು.

ಮಗಳು ಒಂದೇ ಪತ್ರ ಓದುವಷ್ಟು ಸಮಯ ಇದ್ದರೆ ಮಾರ್ಚ್ 31ರದ್ದನ್ನೇ ಓದಲಿ, ಆದರೆ ಪೂರ್ತಿ ಓದಲಿ. ಎಲ್ಲರೂ ಎತ್ತಿ ಹೇಳುವ ಸಾಲು ಅಲ್ಲಿ ‘ಅಂದಹಾಗೆ’ ಅಂತ ನಡುವೆ ನುಸುಳಿ ಬರುತ್ತದೆ. ಅದಕ್ಕೂ ಮೊದಲು ನಿಮ್ಮ ನೌಕಾಪಡೆ, ಅಂದರೆ ಅಮೆರಿಕದವರದ್ದು, ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆ ಇದೆ. ಬೇರೆಯವರ ಸ್ವಾತಂತ್ರ್ಯ ಕಿತ್ತುಕೊಂಡು ರೂಢಿಯಾದ ವರ್ಜೀನಿಯಾದವರಿಗೆ ಸ್ವಾತಂತ್ರ್ಯದ ಹಂಬಲ ನಮ್ಮಷ್ಟೇ ಇದ್ದೀತೇ ಅನ್ನುವ ಅನುಮಾನ ಇದೆ. ಬಾಸ್ಟನ್‌ನ ಮನೆಯಲ್ಲಿ ಬ್ರಿಟಿಷ್ ಡಾಕ್ಟರನೊಬ್ಬ ಇದ್ದು ಹೋಗಿದ್ದಾನೆ, ಗಲೀಜು ಬಿಟ್ಟರೆ ಬೇರೆ ಹಾನಿ ಇಲ್ಲ ಅನ್ನುವ ವರದಿ ಇದೆ. ಏಪ್ರಿಲ್ 5ರಂದು ಸೇರಿಸಿದ ಭಾಗದಲ್ಲಿ ಊರಿನ ಮಕ್ಕಳಿಗೆ ಬಂದ ಗಂಟಲು ಬೇನೆಯ ಸುದ್ದಿ. ಸೈನ್ಯಕ್ಕೆ ಸಿಡಿಮದ್ದು ಬೇಕು, ಅದಕ್ಕೆ ಹಾಕುವ ಪೆಟ್ಲುಪ್ಪನ್ನು ಮನೆಯಲ್ಲಿ ಮಾಡುತ್ತಿದ್ದೀಯಾ ಅಂತ ಜಾನ್ ಕೇಳಿದ್ದ. ಅದಕ್ಕೂ ಅಲ್ಲಿ ಉತ್ತರ ಕೊಟ್ಟಿದ್ದಾಳೆ: ಇನ್ನೂ ಕೈಹಾಕಿಲ್ಲ, ಮನೆಮಂದಿಗೆ ಬಟ್ಟೆ ನೇಯುವುದರಲ್ಲೇ ಹೊತ್ತು ಹೋಗುತ್ತಿದೆ, ಸೋಪು ಮಾಡುವ ಕೆಲಸ ಮುಗಿಯಲಿ, ಆಮೇಲೆ ಮಾಡಿ ನೋಡುತ್ತೇನೆ.